ನಾಲ್ಕೆಣಿಕೆಯ ಜಾಗ

ಮಾರ್ಚ್ 3, ಬೆಳಿಗ್ಗೆ 8

ಸಿಕ್ಕಿಬಿಟ್ಟಿತು! ನನ್ನ ಟ್ಯೂನ್ ಸಿಕ್ಕಿಬಿಟ್ಟಿತು!! ಇಪ್ಪತ್ತು ವರ್ಷದಿಂದ ತಲೆಯಲ್ಲಿ ಜೇನುಹುಳದ ಹಾಗೆ ಗುಂಯ್‌ಗುಡುತ್ತಿದ್ದದ್ದು. ಅಮ್ಮನನ್ನು ಕೇಳಿದಾಗಲೆಲ್ಲ, "ಅಂಥ ಹಾಡೇ ಇಲ್ಲ, ಕನಸು ಕಂಡಿರ್ತೀಯ" ಎನ್ನುತ್ತಿದ್ದಳು.

ಬಟ್ಟೆ ಒಣಹಾಕುತ್ತಾ ಗುನುಗುತ್ತಿದ್ದೆ. ಮದುವೆಯಾಗಿ ಇಪ್ಪತ್ತಾರು ದಿನ, ಮಾವನ ಎದುರು ಇನ್ನೂ ನಾಚಿಕೆ... ಆದರೆ ಇದು ತಾನಾಗಿಯೇ ಬಂದುಬಿಡುತ್ತದೆ. ಮಾವ ಪೇಪರ್ ಕೆಳಗಿಟ್ಟರು.

"ಮಧ್ಯ ಯಾಕಮ್ಮ ನಿಲ್ಲಿಸ್ತೀಯ?"

"ಗೊತ್ತಿಲ್ಲ ಮಾವ. ಚಿಕ್ಕಂದಿನಿಂದ ಹಾಗೇ. ನಾಲ್ಕು ಎಣಿಸಿ ಮುಂದಿನದು."

"ಆ ನಾಲ್ಕರಲ್ಲೇ ಅನೌನ್ಸರ್ ಹಲ್ಲುಪುಡಿ ಹೆಸರು ಹೇಳೋದು! ರೆಕಾರ್ಡ್ ಮಾಡಿದವನು ನಾನೇ ಕಣಮ್ಮ."

ಮೂವತ್ತು ವರ್ಷ ರೇಡಿಯೋ ಸ್ಟೇಷನ್ನಿನಲ್ಲಿ ರೆಕಾರ್ಡಿಂಗ್ ಮಾಡಿದವರು. ಹಲ್ಲುಪುಡಿ ಜಾಹೀರಾತು! ನಾನು ಯಾವುದೋ ದೊಡ್ಡ ಸಿನಿಮಾ ಹಾಡು ಅಂದುಕೊಂಡಿದ್ದೆ. ಇವರಂತೂ ನಕ್ಕು ನಕ್ಕು ಟೀ ನೆತ್ತಿಗೇರಿಸಿಕೊಂಡರು. ನಾಚಿಕೆಯಿಲ್ಲದ ಗಂಡ. ಐ ಲವ್ ಹಿಮ್.

ಅದೇ ದಿನ, ಸಂಜೆ 5

ಮಾವ ಅಟ್ಟದಿಂದ ಟೇಪ್ ಇಳಿಸಿದರು. ಇಪ್ಪತ್ತೆರಡು ಸೆಕೆಂಡ್. ಹಾಡಿದ್ದು — ಚಿಕ್ಕಮ್ಮ! ಅಮ್ಮನ ಒಬ್ಬಳೇ ತಂಗಿ. ನನಗೆ ಆರು ವರ್ಷವಿದ್ದಾಗ ಅಮ್ಮ ಅವಳೊಂದಿಗೆ ಮಾತು ಬಿಟ್ಟಳು. ಯಾಕೆಂದು ಯಾರೂ ಹೇಳಲಿಲ್ಲ. ನನ್ನ ಮದುವೆಗೂ ಕರೆಯಲಿಲ್ಲ. ಆ ಧ್ವನಿ ಮರೆಯುವುದುಂಟೆ?

ತಡೆಯಲಾರದೆ ಅಮ್ಮನಿಗೆ ಫೋನ್ ಮಾಡಿ ಎಲ್ಲ ಒದರಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಒಲೆ ಮೇಲೆ ಹಾಲಿಟ್ಟಿದ್ದೀನಿ." ಕಟ್.

ಹಾಲೂ ಇಲ್ಲ, ಗೀಲೂ ಇಲ್ಲ. ನನಗೆ ಗೊತ್ತು.

ಮಾರ್ಚ್ 9

ಅಮ್ಮ ಆರು ದಿನ ಫೋನ್ ಎತ್ತಲಿಲ್ಲ. ಇವತ್ತು ತಾನೇ ಮಾಡಿದಳು.

"ಆ ಟ್ಯೂನ್ ನಂದು ಕಣೇ. ನಿನ್ನ ತಲೆ ಬಾಚುವಾಗ ಕಟ್ಟಿದ್ದು. ಊರು ಒಂದು ಮಾಡೋ ಹಾಗೆ ಅಳ್ತಿದ್ದೆ ನೀನು. ಆ ನಾಲ್ಕು ಎಣಿಸೋದು ಸಿಕ್ಕು ಬಿಡಿಸೋಕೆ, ಹಲ್ಲುಪುಡಿಗಲ್ಲ! ಅವಳು ಹೋಗಿ ತನ್ನದು ಅಂತ ಹಾಡಿಬಂದ್ಲು."

"ತನ್ನದು ಅಂದಿದ್ದನ್ನ ನೀನು ಕೇಳಿದ್ಯಾ ಅಮ್ಮ?"

"ಕೇಳೋದೇನು? ಅವಳೇ ಬಂದು ಹೇಳಬೇಕಿತ್ತು."

ಇಪ್ಪತ್ತು ವರ್ಷ. ಒಂದು ಪ್ರಶ್ನೆ ಕೇಳದೆ. ಇವರ ಮೇಲೆ ನಾನು ಅರ್ಧ ಗಂಟೆ ಮುನಿಸಿಕೊಂಡರೇ ಹೆಚ್ಚು, ನಾನೇ ಹೋಗಿ ಮಾತಾಡಿಸಿಬಿಡುತ್ತೇನೆ.

ಮಾರ್ಚ್ 10

ಮಾವನಿಗೆ ಎಲ್ಲ ಹೇಳಿದೆ. ಎದ್ದು ಹೋಗಿ ಟೇಪಿನ ಡಬ್ಬಿ ತಂದು ತಿರುಗಿಸಿ ಹಿಡಿದರು. ಹಿಂಬದಿಯಲ್ಲಿ ಅವರದೇ ಕೈಬರಹ. ಹಾಡಿದವಳ ಹೆಸರಿಗೂ ಮೇಲೆ — ಸಂಗೀತ: ಅಕ್ಕ.

"ಟ್ಯೂನ್ ಕಟ್ಟಿದವರ ಹೆಸರು ಹೇಳಮ್ಮ ಅಂದೆ. ನನಗೆ ಅವಳು ಅಕ್ಕ, ಹಾಗೇ ಬರೀರಿ ಸಾರ್, ನನಗಿಂತ ಮೇಲೆ ಬರೀರಿ ಅಂದ್ಲು ಆ ಹುಡುಗಿ. ರೇಡಿಯೋದಲ್ಲಿ ಜಾಹೀರಾತಿಗೆ ಹೆಸರು ಓದಲ್ಲ ನೋಡು... ಯಾರಿಗೂ ಗೊತ್ತಾಗಲಿಲ್ಲ."

ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ನೋಡಿದ್ದಾಳೆ.

ಮಾರ್ಚ್ 14

ಅಮ್ಮನ ಮೆಸೇಜ್. ಒಂದು ಅಕ್ಷರವಿಲ್ಲ, ಬರೀ ಹತ್ತು ಅಂಕಿ. ಅಂದರೆ ಚಿಕ್ಕಮ್ಮನ ನಂಬರ್ ಇಷ್ಟು ದಿನ ಅವಳ ಹತ್ತಿರವೇ ಇತ್ತು!

ಡಯಲ್ ಮಾಡಿದೆ. "ಯಾರು?" ಗುನುಗಿದೆ. ನಡುವೆ ನಿಲ್ಲಿಸಿದೆ. ಒಂದು, ಎರಡು, ಮೂರು...

"ಅಯ್ಯೋ, ಸಿಕ್ಕುತಲೆ! ನೀನೇನೇ?"

ಇಬ್ಬರೂ ಗೊಳೋ ಎಂದು ಅತ್ತೆವು. ಆಮೇಲೆ ಮೆಲ್ಲಗೆ ಕೇಳಿದಳು: "ಅಕ್ಕನಿಗೆ ಗೊತ್ತಾ, ನೀನು ಫೋನ್ ಮಾಡಿದ್ದು?"

"ನಂಬರ್ ಕೊಟ್ಟಿದ್ದೇ ಅವಳು."

ಮೂಗೆಳೆದುಕೊಂಡು ಹೇಳಿದಳು, "ಹಾಗಾದ್ರೆ ಬರ್ತೀನಿ."

ಮಾರ್ಚ್ 17

ಅಮ್ಮ ನಿನ್ನೆಯೇ ಬಂದಿಳಿದಿದ್ದಾಳೆ. ಅಳಿಯನನ್ನು ನೋಡಲು ಬಂದಳಂತೆ! ಅಳಿಯನ ಕಡೆ ಒಮ್ಮೆಯೂ ತಿರುಗಿಲ್ಲ. "ಅವಳನ್ನ ಕರೆಯೋಕೆ ಸ್ಟೇಷನ್ನಿಗೆಲ್ಲ ನಾನು ಬರಲ್ಲಪ್ಪ" ಎನ್ನುತ್ತಾಳೆ, ಪ್ಲಾಟ್‌ಫಾರ್ಮ್ ನಂಬರ್ ಮೂರು ಸಲ ಕೇಳಿದ್ದಾಳೆ. ಈಗ ಅಡುಗೆಮನೆಯ ಕ್ಯಾಲೆಂಡರ್ ನೋಡಿದೆ. ಪೆನ್ಸಿಲ್ಲಿನಲ್ಲಿ, ಅಮ್ಮನ ಪುಟ್ಟ ಪುಟ್ಟ ಅಕ್ಷರ: ಗುರುವಾರ, ಬೆಳಗಿನ ಆರೂ ಇಪ್ಪತ್ತರ ಪ್ಯಾಸೆಂಜರ್ — ತಂಗಿ.