ಬಾಗಿಲು ತೆಗೆಯದ ಟೇಕು

ಸೋಮವಾರ, ಮಧ್ಯಾಹ್ನ

ಊರೂರಿಗೆ ಕುಡುಕರೂ ನನಗೊಬ್ಬಳಿಗೆ ಗಂಡನೂ ಆಗಿರುವ ನಿಮಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನಿಮ್ಮ ಅಕ್ಕನ ಮನೆಯಲ್ಲಿ ಹೊತ್ತುಹೊತ್ತಿಗೆ ಉಂಡುಕೊಂಡು ನೀವೂ ಚೆನ್ನಾಗಿಯೇ ಇರುತ್ತೀರಿ, ಅದನ್ನು ಕೇಳುವುದಿಲ್ಲ. ಫೋನಿರುವಾಗ ಕಾಗದ ಯಾಕೆ ಎಂದು ಹುಬ್ಬೇರಿಸಬೇಡಿ. ಫೋನ್ ಮಾಡಿದರೆ ನೀವು ಸ್ಪೀಕರ್ ಹಾಕುತ್ತೀರಿ, ನಿಮ್ಮನ್ನು ಕೇಳಿದ್ದಕ್ಕೆ ಅಕ್ಕ ಉತ್ತರ ಕೊಡುತ್ತಾರೆ. ಇದನ್ನಾದರೂ ಒಬ್ಬರೇ ಕೂತು ಓದಿ.

ಮೊದಲು ಕೆಲಸದ ಮಾತು. ಶುಕ್ರವಾರ ಕೆಟ್ಟುಹೋದ ಶೂಟಿಂಗಿಗೆ ಇಲಾಖೆಯ ಅಧಿಕಾರಿ ಇನ್ನೊಂದು ದಿನ ಕೊಟ್ಟಿದ್ದಾರೆ. ಗುರುವಾರ ಬೆಳಿಗ್ಗೆ ಅದೇ ಸ್ಟುಡಿಯೋಗೆ ಬರಬೇಕು. ಅವತ್ತೂ ಮುಗಿಯದಿದ್ದರೆ ಕುಡಿತ ಬಿಡಿಸುವ ವೀಡಿಯೋವನ್ನು ಬೇರೆ ಯಾರಿಂದಲಾದರೂ ಮಾಡಿಸುತ್ತಾರಂತೆ. ಹಾಗಾದರೆ ನಮ್ಮ ಡೋಲಿನವನಿಗೂ ಹಾಡುವವಳಿಗೂ ಈ ಕೊನೆಯ ಕೆಲಸವೂ ಕೈತಪ್ಪುತ್ತದೆ.

ನಾನು ಮಾತು ಮರೆತೆ ಎಂದು ನೀವು ಅವತ್ತು ಎಲ್ಲರೆದುರು ಹೇಳಿದಿರಿ. ಆ ಜಾಗದಲ್ಲಿ ನನಗೆ ಮಾತೇ ಇರಲಿಲ್ಲ, ಚಿಲಕ ತೆಗೆಯುವುದಷ್ಟೇ ಇದ್ದದ್ದು. ಚಿಲಕ ತೆಗೆಯುವುದನ್ನು ಯಾರಾದರೂ ಮರೆಯುತ್ತಾರೆಯೇ? ನಾನು ಬೇಕೆಂದೇ ತೆಗೆಯಲಿಲ್ಲ. ಯಾಕೆಂದು ಬರೆಯಲು ಈಗ ಕೂತಿದ್ದೇನೆ.

ನಮ್ಮ ಬೀದಿ ನಾಟಕ ಹೇಗೆ ಮುಗಿಯುತ್ತಿತ್ತು ನೆನಪು ಮಾಡಿಕೊಳ್ಳಿ. ಬಸ್ಸಿನ ಮೇಲೆ ಹೊತ್ತು ತಂದ ಆ ಒಂಟಿ ಬಾಗಿಲು, ಹೊರಗೆ ತೂರಾಡುತ್ತ ನೀವು, ಒಳಗೆ ನಾನು. ಕುಡಿತ ಬಿಟ್ಟೆ ಎಂದು ನೀವು ಆಣೆ ಮಾಡಿ, ಜನರ ಕಡೆ ತಿರುಗಿ, ತಾಯಂದಿರಾ, ಇವಳಿಗೆ ನೀವಾದ್ರೂ ಸ್ವಲ್ಪ ಹೇಳಿ ಎಂದು ಕೈಮುಗಿಯಬೇಕು. ನಾನು ಬಾಗಿಲ ಸಂದಿಯಿಂದ ತಲೆ ಹಾಕಿ, ಏನು ಮಾಡ್ಲಿ ಹೇಳ್ರಮ್ಮ ಎಂದು ಕೇಳಬೇಕು. ಅವರು ಹೇಳಿದ್ದೇ ಆ ದಿನದ ಕೊನೆ. ಗಂಡಸರು ತೆಗಿ ತೆಗಿ ಎನ್ನುತ್ತಿದ್ದರು. ಹಿಂದಿನ ಸಾಲಿನಿಂದ ಯಾವಳೋ ಒಬ್ಬಳು, ಇವತ್ತೊಂದಿನ ಅಲ್ಲೇ ಬಿದ್ದಿರ್ಲಿ ಬಿಡು ಎನ್ನುತ್ತಿದ್ದಳು, ಇಡೀ ಮೈದಾನ ನಗುತ್ತಿತ್ತು. ಎಷ್ಟೋ ಊರುಗಳಲ್ಲಿ ನೀವು ಹೊರಗೇ ಕೂತಿದ್ದೀರಿ.

ಆಮೇಲೆ ನೀವು ಬಣ್ಣ ತೊಳೆದುಕೊಂಡು ಚಹಾ ಹುಡುಕಿಕೊಂಡು ಹೋಗುತ್ತಿದ್ದಿರಿ. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದ ನಿಮಗೆ, ಕುಡುಕನಿಗೆ ಉದ್ರಿ ಇಲ್ಲ ಎಂದು ಅಂಗಡಿಯವರು ಛೇಡಿಸುತ್ತಿದ್ದರು. ನನ್ನ ಸುತ್ತ ಹೆಂಗಸರು ಬಂದು ಕೂರುತ್ತಿದ್ದರು. ಮೊದಲು ನಾಟಕದ ಗಂಡನ ವಿಷಯ ಎತ್ತಿ, ಆಮೇಲೆ ಪಕ್ಕದ ಮನೆಯವಳ ಗಂಡನ ಕಡೆ ಬಂದು, ಕೊನೆಗೆ ದನಿ ತಗ್ಗಿಸಿ ತಮ್ಮ ಮನೆಯದನ್ನು ಹೇಳುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ, ನನಗೆ ಗೊತ್ತಿದ್ದದ್ದೂ ಅಷ್ಟೇ. ಅವರಲ್ಲಿ ಎಷ್ಟು ಮನೆ ಸರಿಹೋಯಿತೋ ಗೊತ್ತಿಲ್ಲ, ಸುಳ್ಳು ಹೇಳುವುದಿಲ್ಲ.

ಹಾಗೆಂದು ವೀಡಿಯೋ ಮೇಲೆ ನನಗೆ ಸಿಟ್ಟಿಲ್ಲ. ಈಗ ಎಲ್ಲರ ಕೈಯಲ್ಲೂ ಫೋನಿದೆ. ನಾವು ಮಾಡಿದ ಕೊನೆಯ ಆಟಗಳಿಗೆ ಮುದುಕರು, ಮಕ್ಕಳು ಬಿಟ್ಟರೆ ಬಂದವರು ಕಡಿಮೆ. ಒಂದು ಸಲ ಮಾಡಿಟ್ಟರೆ ಬಸ್ಸೇ ಹೋಗದ ಊರಿಗೂ ಹೋಗುತ್ತದೆ ಎಂದು ಅಧಿಕಾರಿ ಹೇಳಿದ್ದು ನಿಜ. ಇಲಾಖೆಯ ಬೀದಿ ನಾಟಕದ ತಂಡಗಳನ್ನು ನಿಲ್ಲಿಸುವ ಆದೇಶವೂ ಅವರ ಮಟ್ಟದ್ದಲ್ಲ, ಮೇಲಿನದು. ಪಾಪ, ಅದನ್ನು ಓದಿ ಹೇಳುವಾಗ ಅವರೇ ನೆಲ ನೋಡುತ್ತಿದ್ದರು.

ನನಗೆ ಸಿಟ್ಟಿರುವುದು ನಿಮ್ಮ ಮೇಲೆ. ತಂಡ ಮುಚ್ಚಲು ಒಪ್ಪಿ ಸಹಿ ಹಾಕಬೇಕೆಂದಾಗ ನೀವು ಡೋಲಿನವನನ್ನು ಕೇಳಿದಿರಿ, ಹಾಡುವವಳನ್ನು ಕೇಳಿದಿರಿ, ಅಕ್ಕನನ್ನಂತೂ ಕೇಳಿಯೇ ಕೇಳಿದಿರಿ. ನನ್ನ ಹೆಸರಿನ ಮುಂದೆ ನೀವೇ ಒಪ್ಪಿಗೆ ಬರೆದು ಬಂದಿರಿ. ನಾನು ಯಾಕೆ ಎಂದಾಗ, ನೀನು ಬೇಡ ಅನ್ನಲ್ಲ ಅಂತ ಗೊತ್ತಿತ್ತಲ್ಲ ಎಂದಿರಿ. ಬಹುಶಃ ಬೇಡ ಎನ್ನುತ್ತಿರಲಿಲ್ಲ. ಆದರೂ ಅವತ್ತು ನನಗೆ ಬಹಳ ನೋವಾಯಿತು. ಜಗಳ ಬೆಳೆದು ನೀವು ಅಕ್ಕನ ಮನೆ ಸೇರಿದಿರಿ. ಆಮೇಲೆ ರಾಜಿಗೆ ಡೋಲಿನವನು ಬಂದ, ಹಾಡುವವಳು ಬಂದಳು, ಅಕ್ಕ ಎರಡು ಸಲ ಬಂದರು. ಎಲ್ಲರದೂ ಒಂದೇ ಪಾಠ, ಅವನು ಬರ್ಲಿಕ್ಕೆ ರೆಡಿ ಇದ್ದಾನೆ, ನೀನು ಹೂಂ ಅನ್ನು ಅಂತ. ಒಬ್ಬರಿಗಿಂತ ಒಬ್ಬರು ಚೆನ್ನಾಗಿ ಹೇಳಿದರು. ಬರಬೇಕಾದವರು ಮಾತ್ರ ಬರಲಿಲ್ಲ.

ಇನ್ನು ಸ್ಟುಡಿಯೋ. ಕಿಟಕಿಯಿಲ್ಲದ ಆ ತಣ್ಣನೆಯ ಕೋಣೆಯಲ್ಲಿ ನಾಟಕ ನೋಡುವ ಜನರೇ ಇರಲಿಲ್ಲ. ನೇರ ಹೆಂಡತಿಗೇ ಹೇಳಿ, ಅವರು ಬಾಗಿಲು ತೆಗೀತಾರೆ, ಸಂಸಾರ ಒಂದಾಗ್ಬೇಕು ಅನ್ನೋದೇ ಇಲಾಖೆ ಸಂದೇಶ ಎಂದು ಅಧಿಕಾರಿ ಬಿಡಿಸಿ ಬಿಡಿಸಿ ಹೇಳಿದ್ದರು. ನಾನು ಬಾಗಿಲ ಹಿಂದೆ ಚಿಲಕ ಹಿಡಿದು ನಿಂತಿದ್ದೆ. ಸಂದಿಯಿಂದ ನಿಮ್ಮ ಬೆನ್ನು ಕಾಣುತ್ತಿತ್ತು. ಈಗ ತಿರುಗುತ್ತೀರಿ, ಇನ್ನು ತಪ್ಪಿಸಿಕೊಳ್ಳಲು ಯಾರೂ ಇಲ್ಲ ಎಂದುಕೊಂಡೆ. ಆದರೆ ನೀವು ಕ್ಯಾಮೆರಾದ ಕಡೆಗೇ ಮುಖ ಮಾಡಿ, ತಾಯಂದಿರಾ, ಇವಳಿಗೆ ನೀವಾದ್ರೂ ಹೇಳಿ ಎಂದು ಕೈಮುಗಿದಿರಿ. ಅಲ್ಲಿದ್ದದ್ದು ಕ್ಯಾಮೆರಾದ ಹಿಂದೆ ಕೂತು ಆಕಳಿಸುತ್ತಿದ್ದ ಒಬ್ಬ ಗಂಡಸು.

ಅಭ್ಯಾಸ ಬಲ ಎಂದು ಉಳಿದವರು ನಕ್ಕರು. ಎರಡನೆಯ ಟೇಕಿನಲ್ಲೂ ಹಾಗೆಯೇ ಮಾಡಿದಿರಿ, ಮೂರನೆಯದರಲ್ಲೂ. ಅಷ್ಟರಲ್ಲಿ ಯಾರೂ ನಗುತ್ತಿರಲಿಲ್ಲ. ಕೊನೆಗೆ ಅಧಿಕಾರಿ ಬೇಸತ್ತು, ಇರ್ಲಿ, ಹಾಗೇ ನಡೀತದೆ, ನೀವು ಬಾಗಿಲು ತೆಗೀರಿ ಎಂದರು. ನಾನು ತೆಗೆಯಲಿಲ್ಲ. ನನ್ನ ಬಾಗಿಲ ಮುಂದೆ ನಿಂತು ಊರಿನವರನ್ನೆಲ್ಲ ಕೇಳುವವರಿಗೆ ಬಾಗಿಲು ತೆಗೆಯುವುದಾದರೂ ಹೇಗೆ?

ಗುರುವಾರ ನೀವು ಯಾವ ಕಡೆ ಮುಖ ಮಾಡಿದರೂ ಆ ಬಾಗಿಲು ತೆಗೆಯುತ್ತೇನೆ. ಅದು ಸರ್ಕಾರದ ಬಾಗಿಲು, ಅಧಿಕಾರಿಗೆ ಮಾತು ಕೊಟ್ಟಿದ್ದೇನೆ. ಫೋನು ಫೋನಿನಲ್ಲೂ ನಾನು ನಗುತ್ತ ನಿಮ್ಮನ್ನು ಒಳಗೆ ಕರೆಯುತ್ತಿರುತ್ತೇನೆ, ಯಾರು ಬೇಡ ಎಂದರೂ ಕೇಳಿಸುವುದಿಲ್ಲ. ಅದನ್ನು ನೋಡಿ ನಮ್ಮ ಮನೆಯ ಲೆಕ್ಕವೂ ಮುಗಿಯಿತೆಂದು ಅಕ್ಕ ನಿಮ್ಮ ಬಟ್ಟೆ ಕಟ್ಟಿ ಕಳಿಸುವುದು ಬೇಡ. ಈ ಮನೆಗೆ ಬರಬೇಕಾದರೆ ನೀವು ಒಬ್ಬರೇ ಬನ್ನಿ, ಬಾಯಿಬಿಟ್ಟು ಕೇಳಿ. ನಾನು ಏನು ಹೇಳುತ್ತೇನೆ ಎಂದು ಮೊದಲೇ ಬರೆದುಬಿಟ್ಟರೆ ನೀವು ಕೇಳುವುದೇ ಇಲ್ಲ, ನಿಮ್ಮನ್ನು ನಾನು ಬಲ್ಲೆ.

ಇಷ್ಟು ಬರೆದು ಮುಗಿಸುವ,
ನಿಮ್ಮ ಹೆಂಡತಿ (ನಾಟಕದ ಹೊರಗೆ)

ಮರೆತ ಮಾತು: ವೀಡಿಯೋ ನೋಡಿದ ಹೆಂಗಸರು ಕರೆ ಮಾಡಿ ಮಾತಾಡಲಿ ಎಂದು ಇಲಾಖೆ ಒಂದು ನಂಬರ್ ಕೊಡುತ್ತಿದೆ. ಆ ಕರೆ ತೆಗೆದುಕೊಳ್ಳುವ ಕೆಲಸಕ್ಕೆ ನನ್ನನ್ನು ಕರೆದಿದ್ದಾರೆ. ಕಚೇರಿ ರಾಜಧಾನಿಯಲ್ಲಿ, ಅಲ್ಲೇ ಇರಬೇಕು. ನನಗೆ ಹೋಗಲು ಆಸೆಯಿದೆ. ಶುಕ್ರವಾರ ನೀವು ಬಸ್ ಹತ್ತಿದ ಮೇಲೆ ಅಧಿಕಾರಿ ಒಪ್ಪಿಗೆಯ ಕಾಗದ ಕೈಗೆ ಕೊಟ್ಟು, ಈಗಲೇ ಸಹಿ ಹಾಕಿ ಎಂದರು. ಮನೆಯವರನ್ನು ಒಂದು ಮಾತು ಕೇಳಬೇಕು ಎಂದು ಹೇಳಿ ಬಂದಿದ್ದೇನೆ. ಈಗ ಕೇಳುತ್ತಿದ್ದೇನೆ. ಉತ್ತರ ಅಕ್ಕನ ಕೈಬರಹದಲ್ಲಿ ಬರಬಾರದು.