ಮಾತಾಡುವಷ್ಟು ವೇಗ

ನವೆಂಬರ್ ೧೬, ಭಾನುವಾರ. ಹೊಂಗಡಹಳ್ಳ.

ಈ ನೂರೈವತ್ತು ನಿಮಿಷ ನನ್ನ ತಲೆ ತಿನ್ನುತ್ತಿದೆ. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ನಾನು, ದಿನವೆಲ್ಲ ತೋಟದಲ್ಲೇ ಓಡಾಡ್ತೀನಿ ಅಂದರೂ ಆಸ್ಪತ್ರೆಯ ನರ್ಸ್ ಆಶಾ ಒಪ್ಪಲಿಲ್ಲ. "ಗಿಡಗಿಡಕ್ಕೂ ನಿಲ್ಲೋದು ನಡಿಗೆ ಅಲ್ಲ ಕಣ್ರೀ. ವಾರಕ್ಕೆ ನೂರೈವತ್ತು ನಿಮಿಷ ಬಿರುಸಾಗಿ ನಡೀರಿ. ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗ್ಬಾರ್ದು, ಅಷ್ಟು ವೇಗ."

ಹೋದ ತಿಂಗಳವರೆಗೆ ವಾಚ್‌ಮನ್ ಗುಂಡಯ್ಯ ಜೊತೆಗೆ ಬರುತ್ತಿದ್ದ. ಅವನ ಬಾಯಿ ನಿಲ್ಲುತ್ತಿರಲಿಲ್ಲ, ವೇಗ ತಾನಾಗಿ ಗೊತ್ತಾಗುತ್ತಿತ್ತು. ಈಗ ಆಲೂರಿನ ಕಡೆ ತೋಟಕ್ಕೆ ಹೋಗ್ಬುಟ್ಟ. ಹೋಗುವಾಗ ಹೇಳಿದ್ದು ಒಂದೇ. "ಒಬ್ರೇ ನಡಿಯೋವಾಗ ಜೋರಾಗಿ ಮಾತಾಡ್ತಾ ಹೋಗಿ ರೈಟ್ರೇ, ಆನೆ ಐತೆ. ಮನುಷ್ಯರ ದನಿ ಕೇಳಿದ್ರೆ ಸರ್ಕೊಂಡು ಹೋಯ್ತದೆ."

ಇವತ್ತು ಆಳುಗಳಿಗೆ ರಜೆ. ಬೆಳಗಿನಿಂದ ಒಬ್ಬರ ಮುಖ ಕಾಣಲಿಲ್ಲ. ಸಂಜೆ ಅರ್ಧ ಗಂಟೆ ನಡೆದೆ. ಹೊಸ ಚಪ್ಪಲಿ ಕಚ್ಚಿದ್ದು, ಉಪ್ಪಿಟ್ಟಿಗೆ ಉಪ್ಪು ಮರೆತದ್ದು, ಅಕ್ಕನ ಮೇಲಿನ ಸಿಟ್ಟು, ಎಲ್ಲವನ್ನೂ ಕೂಗಿ ಹೇಳಿದೆ. ಹಾಡಲು ನೋಡಿದೆ, ಉಸಿರು ಸಾಲಲಿಲ್ಲ. ಅಂದರೆ ವೇಗ ಸರಿಯಾಗಿಯೇ ಇತ್ತು. ಆನೆ ಬರಲಿಲ್ಲ.

ಕೊನೆಯ ತಿರುವಿನಲ್ಲಿ ಬಾಯಿ ಮುಚ್ಚಿಕೊಂಡು ಸ್ವಲ್ಪ ಹೊತ್ತು ನಿಂತೆ. ಅದಾದರೂ ಬರಲಿ ಅನ್ನಿಸಿತು.