ಇಬ್ಬರೂ ಗಂಡಿನ ಕಡೆಯವರು

ರೀ,

ಇವತ್ತು ಬೆಳಿಗ್ಗೆ ಒಂದು ಪುಟ್ಟ ಸಭಾಂಗಣದಲ್ಲಿ ನಮ್ಮ ಮಗನ ಮದುವೆಯಾಯಿತು. ಅವನು ಕೈಹಿಡಿದ ಹುಡುಗ ಬಡಗಿ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಹೌದು ರೀ, ಹುಡುಗನೇ.

"ಇದೂ ಒಂದು ಮದುವೆನಾ? ನಾನು ಬರಲ್ಲ" ಅಂತ ವಾರವಿಡೀ ಅಂದಿದ್ದ ನಿಮ್ಮಕ್ಕ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು. ಆಮೇಲೆ ಹುಡುಗರ ಮನೆಗೆ ಬಂದವರು ಗಂಡಿನ ಕಡೆಯವರ ಗತ್ತಿನಲ್ಲಿ ಕುರ್ಚಿ ಹಿಡಿದು, ಯಾರಾದರೂ ಕಾಫಿ ತಂದು ಉಪಚರಿಸಲಿ ಎಂದು ಕಾದರು. ಎದುರಿಗೆ ಬಡಗಿಯ ತಾಯಿಯೂ ಅದೇ ಗತ್ತಿನಲ್ಲಿ ಕಾಯುತ್ತಿದ್ದರು. ಅರ್ಧ ಗಂಟೆ ಯಾರೂ ಏಳಲಿಲ್ಲ. ಕೊನೆಗೆ ನಿಮ್ಮಕ್ಕನೇ, "ಇಲ್ಲಿ ಹೆಣ್ಣಿನ ಕಡೆಯವರೇ ಇಲ್ವಲ್ಲ. ಏಳಿ ಬೀಗಿತ್ತಿ, ನಾವೇ ಮಾಡ್ಕೊಳ್ಳೋಣ" ಅಂದರು. ಇಬ್ಬರೂ ನಗುತ್ತಾ ಒಳಗೆ ಹೋದರು. ಸಂಜೆಯವರೆಗೂ ಅವರ ಹರಟೆ ಮುಗಿಯಲಿಲ್ಲ.

ನಾನು ಹೊರಡುವಾಗ ಮಗ ಕೇಳಿದ, "ಅಮ್ಮ, ಅಪ್ಪ ಇದ್ದಿದ್ರೆ ಬರ್ತಿದ್ರಾ?"

ನೀವು ಅವನನ್ನು ಮನೆಯಿಂದ ಹೊರಗೆ ಹಾಕಿದ ದಿನ ನಾನು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದು ನೆನಪಾಯಿತು.

"ಬರ್ತಿದ್ರು ಕಣೋ, ಸ್ವಲ್ಪ ತಡವಾಗಿ" ಅಂದೆ.

ಅವನು ನಂಬಿದನೋ ಇಲ್ಲವೋ, ನಕ್ಕುಬಿಟ್ಟ. ನಾನೂ ಏಳು ವರ್ಷ ತಡವಾಗಿ ಅವನ ಹತ್ತಿರ ಬಂದವಳೇ ಅಲ್ಲವೇ? ಆದರೂ ಇವತ್ತು ನನ್ನನ್ನು ಮೊದಲ ಸಾಲಿನಲ್ಲೇ ಕೂರಿಸಿದ್ದ.